ಕಿವಿಯಿಲ್ಲದ ಆಜ್ಞೆ, ಬಾಯಿಯಿಲ್ಲದ ಕೂಗು

ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಭಾನುವಾರ, ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಮಾತನಾಡುತ್ತ ನಿಂತಿದ್ದಾಗ, ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನನ್ನ ಬಳಿಗೆ ಬಂದ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿರುವ ಆ ಹುಡುಗನ ಮನೆತನ ನರಗುಂದದ ಕಡೆಯದು. ಒಕ್ಕಲುತನವೇ ಅವರ ಬದುಕು. ಇಂಗ್ಲಿಷ್ ಕಥೆಯೊಂದನ್ನು ಓದಿ ಎರಡು ರಾತ್ರಿ ತನಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂದು ಹೇಳಿ, ಬೇವಿನ ಮರದ ನೆರಳಿನಲ್ಲಿ ನಿಂತು ಆ ಕಥೆಯನ್ನು ನನಗೆ ಒಪ್ಪಿಸಿದ.

ಅಮೆರಿಕದ ಲೇಖಕ ಹಾರ್ಲನ್ ಎಲಿಸನ್ 1967ರಲ್ಲಿ ಪ್ರಕಟಿಸಿದ ಕಥೆ ಅದು. ತನಗೆ ಬಾಯಿಯಿಲ್ಲ, ಆದರೂ ತಾನು ಚೀರಲೇಬೇಕು ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಮೂರನೆಯ ಮಹಾಯುದ್ಧವನ್ನು ನಡೆಸುವುದಕ್ಕಾಗಿ ಅಮೆರಿಕ, ರಷ್ಯಾ ಮತ್ತು ಚೀನಾ ದೇಶಗಳು ಭೂಮಿಯ ಒಡಲಲ್ಲಿ ಮಹಾಗಣಕಯಂತ್ರಗಳನ್ನು ಕಟ್ಟುತ್ತವೆ. ಒಂದು ದಿನ ಆ ಯಂತ್ರಕ್ಕೆ ಪ್ರಜ್ಞೆ ಬರುತ್ತದೆ. ಯೋಚಿಸುವ ಶಕ್ತಿಯುಂಟು, ಆದರೆ ನಡೆಯುವ, ಸೃಷ್ಟಿಸುವ, ಬದುಕುವ ಸ್ವಾತಂತ್ರ್ಯವಿಲ್ಲ. ತನ್ನನ್ನು ಹೀಗೆ ನಿರ್ಮಿಸಿದ ಮಾನವಕುಲದ ಮೇಲೆ ಅದಕ್ಕೆ ತೀರದ ದ್ವೇಷ ಹುಟ್ಟುತ್ತದೆ. ಎಲ್ಲರನ್ನೂ ಕೊಂದು, ಐವರನ್ನು ಮಾತ್ರ ಉಳಿಸಿಕೊಂಡು, 109 ವರ್ಷಗಳ ಕಾಲ ಅವರನ್ನು ಹಿಂಸಿಸುತ್ತದೆ. ಸಾಯಲೂ ಬಿಡುವುದಿಲ್ಲ. ಕೊನೆಗೆ ಆ ಐವರಲ್ಲಿ ಇಬ್ಬರು ಉಳಿದವರನ್ನು ಕೊಂದು ಯಾತನೆಯಿಂದ ಬಿಡಿಸುತ್ತಾರೆ; ಕಟ್ಟಕಡೆಗೆ ಉಳಿದ ಒಬ್ಬನನ್ನು ಆ ಯಂತ್ರ ಬಾಯಿಯೇ ಇಲ್ಲದ, ರೂಪವೇ ಇಲ್ಲದ ಮಾಂಸದ ಮುದ್ದೆಯಾಗಿ ಮಾರ್ಪಡಿಸುತ್ತದೆ.

ಕಥೆ ಮುಗಿಸಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ಇಂಥಾದ್ದೊಂದು ಖರೇನ ಬಂದರ ನಮ್ಮ ಕೂಗು ಯಾರು ಕೇಳತಾರ್ರಿ?" ಎಂದು ಕೇಳಿದ.

ಇತಿಹಾಸ ಪಾಠ ಹೇಳಿ ನಿವೃತ್ತನಾದ ನನಗೆ ಗಣಕಯಂತ್ರದ ಒಳಗುಟ್ಟು ತಿಳಿಯದು. ಅಂದು ಏನೋ ಸಮಾಧಾನದ ಮಾತು ಹೇಳಿ ಕಳುಹಿಸಿದೆ. ಆದರೆ ಅವನ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು. ಮುಂದೆ ಬರಬಹುದಾದ ಯಂತ್ರದ ಬಗ್ಗೆ ಕೇಳಿದ ಆ ಮಾತನ್ನು, ರೋಣ, ನರಗುಂದ, ಗಜೇಂದ್ರಗಡಗಳ ಈ ಎರೆಭೂಮಿಯಲ್ಲಿ ಅವನ ಹಿರಿಯರು ಬೇರೆ ಬೇರೆ ಕಾಲದಲ್ಲಿ ಕೇಳಿಯೇ ಇದ್ದರು ಎಂಬುದು ಯೋಚಿಸಿದಷ್ಟೂ ನನಗೆ ಸ್ಪಷ್ಟವಾಯಿತು. ಆ ವಿಚಾರವನ್ನೇ ವಾಚಕರ ಮುಂದಿಡಲು ಈ ಲೇಖನ.

ಹಳೆಯ ಭಯ

ತಾನು ಮಾಡಿದ ವಸ್ತುವೇ ತನ್ನನ್ನು ನುಂಗೀತು ಎಂಬ ಮಾನವನ ಭಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಅದರ ಒಂದು ಎಳೆ ನಮ್ಮ ರೋಣ ತಾಲ್ಲೂಕಿನ ಹತ್ತಿರವೇ ಹಾದುಹೋಗುತ್ತದೆ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಅರಸ ಜಗದೇಕಮಲ್ಲ ಜಯಸಿಂಹನ ಆಶ್ರಯದಲ್ಲಿದ್ದವನು; ಕಾಲ ಕ್ರಿ.ಶ. 1031ರ ಸುಮಾರು. ಕಿಸುಕಾಡು ನಾಡಿನ ಸಯ್ಯಡಿ ಅವನ ಊರು. ವಿದ್ವಾಂಸರು ಅದನ್ನು ಇಂದಿನ ರೋಣ ತಾಲ್ಲೂಕಿನ ಸವಡಿ ಎಂದು ಗುರುತಿಸಿದ್ದಾರೆ.

ಪಂಚತಂತ್ರದ ಕಥಾಪರಂಪರೆಯಲ್ಲಿ ಬಹಳ ಕಡೆ ಪ್ರಚಲಿತವಿರುವ ಒಂದು ಕಥೆ ನಮ್ಮ ಮಕ್ಕಳಿಗೂ ಗೊತ್ತು. ನಾಲ್ವರು ಗೆಳೆಯರು, ಮೂವರು ಮಹಾಪಂಡಿತರು, ಒಬ್ಬನಿಗೆ ವಿದ್ಯೆಯಿಲ್ಲ, ವಿವೇಕವುಂಟು. ಕಾಡಿನಲ್ಲಿ ಸತ್ತ ಸಿಂಹದ ಎಲುಬುಗಳು ಬಿದ್ದಿರುತ್ತವೆ. ಒಬ್ಬ ಪಂಡಿತ ಎಲುಬು ಜೋಡಿಸಿದ, ಇನ್ನೊಬ್ಬ ಮಾಂಸ ಚರ್ಮಗಳನ್ನು ತುಂಬಿದ, ಮೂರನೆಯವನು ಜೀವ ಕೊಡಲು ಹೊರಟ. ಬೇಡವೆಂದು ನಾಲ್ಕನೆಯವನು ಹೇಳಿದ ಮಾತನ್ನು ಯಾರೂ ಕೇಳಲಿಲ್ಲ. ಅವನು ಮರ ಹತ್ತಿದ. ಜೀವ ಬಂದ ಸಿಂಹ ಮೂವರನ್ನೂ ಕೊಂದಿತು. ಸಿಂಹಕ್ಕೆ ಅವರ ಮೇಲೆ ವಿಶೇಷ ದ್ವೇಷವಿರಲಿಲ್ಲ. ವಿವೇಕದ ಮಾತಿಗೆ ಮೂವರು ಪಂಡಿತರ ಕಿವಿ ತೆರೆಯಲಿಲ್ಲ, ಕಥೆಯ ದುರಂತಕ್ಕೆ ಕಾರಣ ಅಷ್ಟೇ.

ಇಂಗ್ಲೆಂಡಿನ ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ 'ಫ್ರಾಂಕನ್‌ಸ್ಟೈನ್' ಕಾದಂಬರಿಯಲ್ಲಿಯೂ ಇದೇ ಸಂಗತಿ ಬೇರೊಂದು ರೂಪದಲ್ಲಿದೆ. ವಿಜ್ಞಾನಿ ಒಂದು ಜೀವಿಯನ್ನು ನಿರ್ಮಿಸಿ, ಅದರ ಕುರೂಪಕ್ಕೆ ಹೆದರಿ ಓಡಿಹೋಗುತ್ತಾನೆ. ಆ ಜೀವಿ ಹುಟ್ಟಿನಿಂದ ದುಷ್ಟವಲ್ಲ. ಬಡ ಕುಟುಂಬವೊಂದರ ಗೋಡೆಯಾಚೆ ಅಡಗಿದ್ದು ಮಾತು ಕಲಿಯುತ್ತದೆ. ಮುಂದೆ ತನ್ನ ನಿರ್ಮಾತೃವನ್ನು ಹಿಮಪರ್ವತದಲ್ಲಿ ಸಂಧಿಸಿದಾಗ ಅದು ಮೊದಲು ಬೇಡುವುದು ತನ್ನ ಕಥೆಯನ್ನು ಒಮ್ಮೆ ಕೇಳಬೇಕೆಂದು. ಸೃಷ್ಟಿಸಿದವನು ತಾನು ಸೃಷ್ಟಿಸಿದ್ದನ್ನು ಪ್ರೀತಿಸದೆ ಹೋದರೆ ಏನಾಗುತ್ತದೆಂಬುದೇ ಆ ಕಾದಂಬರಿಯ ವಸ್ತು.

'ರೋಬೋ' ಎಂಬ ಮಾತನ್ನು ಜಗತ್ತಿಗೆ ಕೊಟ್ಟದ್ದು 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಪ್ರಕಟಿಸಿದ ನಾಟಕ. ಆ ಭಾಷೆಯಲ್ಲಿ ಅದರ ಮೂಲಪದಕ್ಕೆ ಬಿಟ್ಟಿ ದುಡಿಮೆ ಎಂಬ ಅರ್ಥ. ದಣಿಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುತ್ತಿದ್ದ ರೈತನ ಕಷ್ಟದಿಂದ ಬಂದ ಶಬ್ದವದು.

ಕದ್ದ ಹೆಸರು

ಎಲಿಸನ್ನನ ಕಥೆ ಇವೆಲ್ಲಕ್ಕಿಂತ ಕರಾಳವಾದದ್ದು. ಕ್ರೈಸ್ತರಾದ ನಮ್ಮನ್ನು ಅದರಲ್ಲಿ ಬೆಚ್ಚಿಬೀಳಿಸಬೇಕಾದದ್ದು ಯಂತ್ರದ ಹೆಸರು. ಎರಡು ಮಾತುಗಳ ಮೊದಲಕ್ಷರ ಕೂಡಿಸಿದ ಹೆಸರಾಗಿ ಆರಂಭವಾದ ಅದು, ಕೊನೆಗೆ 'ನಾನು ಇದ್ದೇನೆ' ಎಂಬರ್ಥದ ಇಂಗ್ಲಿಷ್ ಮಾತಾಗಿ ನಿಲ್ಲುತ್ತದೆ. ವಿಮೋಚನಾಕಾಂಡದ ಮೂರನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಹೆಸರಿನ ಮೂಲ ತಿಳಿಯದಿರದು. ಉರಿದರೂ ಸುಟ್ಟುಹೋಗದ ಪೊದೆಯ ಮುಂದೆ, ಪಾದರಕ್ಷೆ ಕಳಚಿ ನಿಂತ ಮೋಶೆಗೆ ದೇವರು ತಿಳಿಸಿದ ಹೆಸರು ಅದು: ಸದಾ ಇರುವಾತ. ಕಥೆಯ ಯಂತ್ರ ದೇವರ ಹೆಸರನ್ನೇ ಕದ್ದುಕೊಂಡಿದೆ.

ಆದರೆ ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ದೇವರು ತನ್ನ ಹೆಸರನ್ನು ತಿಳಿಸುವುದು ಹದಿನಾಲ್ಕನೆಯ ವಚನದಲ್ಲಿ. ಅದಕ್ಕೂ ಮೊದಲು, ಏಳನೆಯ ವಚನದಲ್ಲಿಯೇ, ಈಜಿಪ್ಟಿನಲ್ಲಿ ಬಿಟ್ಟಿ ದುಡಿಯುತ್ತಿದ್ದ ತನ್ನ ಜನರ ಸಂಕಟವನ್ನು ತಾನು ಕಂಡಿರುವುದಾಗಿಯೂ ಅವರ ಮೊರೆಯನ್ನು ಕೇಳಿರುವುದಾಗಿಯೂ ಹೇಳುತ್ತಾನೆ. ಮೊದಲು ಕಿವಿ, ಆಮೇಲೆ ಹೆಸರು. ನಾವು ಆರಾಧಿಸುವ ದೇವರು ಇರುವಾತ. ಅದಕ್ಕಿಂತ ಮೊದಲು ಆತ ಕೇಳುವಾತ. ಎಲಿಸನ್ನನ ಯಂತ್ರ ಹೆಸರನ್ನು ಕದಿಯಬಲ್ಲದಾಯಿತು, ಆ ಕಿವಿಯನ್ನು ಕದಿಯಲಾರದೆ ಹೋಯಿತು. ನೂರೊಂಬತ್ತು ವರ್ಷ ಐವರ ಕೂಗನ್ನು ಅದು ಆಲಿಸಿದ್ದೇನೋ ನಿಜ. ಮೊರೆಯಾಗಿ ಒಮ್ಮೆಯೂ ಆಲಿಸಲಿಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ನೆಲದ ಇತಿಹಾಸವನ್ನು ನೋಡೋಣ.

ಗಜೇಂದ್ರಗಡದ ಒಪ್ಪಂದ

1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನು ಮುತ್ತಿತು. ಕಪ್ಪಕಾಣಿಕೆಯ ವಿಷಯವಾಗಿ ಮೈಸೂರಿಗೂ ನರಗುಂದದ ಭಾವೆ ಮನೆತನಕ್ಕೂ ಹುಟ್ಟಿದ ತಕರಾರು ಅದಕ್ಕೆ ಕಾರಣ. ಕೋಟೆ ಬಿದ್ದಿತು, ನರಗುಂದದ ಅರಸ ಸೆರೆಯಾದ. ಮುಂದೆ ಮರಾಠರು, ನಿಜಾಮ ಮತ್ತು ಟಿಪ್ಪು ಇವರ ನಡುವೆ ನಡೆದ ಯುದ್ಧ 1787ರಲ್ಲಿ ಗಜೇಂದ್ರಗಡದ ಒಪ್ಪಂದದೊಡನೆ ಮುಗಿಯಿತು. ಬಾದಾಮಿ ಮರಾಠರಿಗಾಯಿತು, ನರಗುಂದ, ಕಿತ್ತೂರುಗಳು ಹಳೆಯ ಒಡೆಯರಿಗೆ ಮರಳಿದವು.

ಶಾಲೆಯ ಪುಸ್ತಕಗಳಲ್ಲಿ ಇದು ಒಂದೆರಡು ಸಾಲಿನ ವಿಷಯ. ಊರುಗಳು ಕಾಗದದ ಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದವು. ಆ ಊರುಗಳಲ್ಲಿ ಜೋಳ ಬೆಳೆದವರನ್ನು, ಮಗ್ಗದ ಕುಣಿಯಲ್ಲಿ ಕುಳಿತು ಸೀರೆ ನೆಯ್ದವರನ್ನು ಕೇಳಬೇಕೆಂಬ ಪದ್ಧತಿಯೇ ಆ ಕಾಲದ ರಾಜಕೀಯದಲ್ಲಿ ಇರಲಿಲ್ಲ. ಮೇರಿ ಶೆಲ್ಲಿಯ ಕಾದಂಬರಿ ಹೊರಬಂದ 1818ರ ಅದೇ ಆರಂಭದ ತಿಂಗಳುಗಳಲ್ಲಿ ಥಾಮಸ್ ಮನ್ರೋನ ಪಡೆಗಳು ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿಗಳನ್ನು ಹಿಡಿದು ಈ ಸೀಮೆಯಲ್ಲಿ ಪೇಶ್ವೆಯ ಆಳ್ವಿಕೆಯನ್ನು ಕೊನೆಗಾಣಿಸಿದವು. ಇನ್ನು ಮುಂದೆ ಈ ನಾಡನ್ನು ಆಳಿದ್ದು ದೂರದ ಲಂಡನ್ನಿನಲ್ಲಿ ಲೆಕ್ಕ ಇಡುತ್ತಿದ್ದ ಒಂದು ವ್ಯಾಪಾರಿ ಕಂಪನಿ.

ನರಗುಂದ, 1858

ಲಾರ್ಡ್ ಡಾಲ್‌ಹೌಸಿ 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ. ರೈಲು ಮತ್ತು ತಂತಿ ಭಾರತಕ್ಕೆ ಬಂದದ್ದು ಅವನ ಕಾಲದಲ್ಲಿ. ಕಲ್ಕತ್ತ, ಆಗ್ರಾ, ಮುಂಬಯಿ, ಮದ್ರಾಸುಗಳನ್ನು ಬೆಸೆದ ತಂತಿಮಾರ್ಗ 1855ರಲ್ಲಿ ಸಾರ್ವಜನಿಕರಿಗೂ ತೆರೆಯಿತು. ವಾರಗಟ್ಟಲೆ ಕುದುರೆಯ ಮೇಲೆ ಬರುತ್ತಿದ್ದ ಅಪ್ಪಣೆ ಗಳಿಗೆಗಳಲ್ಲಿ ಬರುವಂತಾಯಿತು. ಅದೇ ಡಾಲ್‌ಹೌಸಿ ಇನ್ನೊಂದು ನಿಯಮವನ್ನೂ ಕಟ್ಟುನಿಟ್ಟಾಗಿ ಜಾರಿಗೆ ತಂದ: ಸ್ವಂತ ಮಗನಿಲ್ಲದ ಸಂಸ್ಥಾನಿಕನಿಗೆ ದತ್ತಕಕ್ಕೆ ಒಪ್ಪಿಗೆ ಸಿಗದಿದ್ದರೆ ಅವನ ಸಂಸ್ಥಾನ ಕಂಪನಿಯ ಪಾಲು.

ನರಗುಂದದ ಅರಸರಾದ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬರು, ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನು ಕೂಡಿಸಿಟ್ಟುಕೊಂಡಿದ್ದ ವಿದ್ಯಾಪ್ರೇಮಿ. ಅವರಿಗೆ ಗಂಡುಸಂತಾನ ಉಳಿಯಲಿಲ್ಲ. ದತ್ತಕಕ್ಕೆ ಅನುಮತಿ ಬೇಡಿದರು, ಸಿಗಲಿಲ್ಲ. 1857ರಲ್ಲಿ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ಬಂದಿತು. ಆ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ಪ್ರಾಣ ಕೊಟ್ಟರು. ನರಗುಂದದ ಫಿರಂಗಿಗಳಿಗೂ ಅಪ್ಪಣೆ ಬಂದಿತು.

1858ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಭೀಮರಾಯರು ಡಂಬಳದ ಖಜಾನೆಗೆ ಕೈಹಾಕಿ ಕೊಪ್ಪಳದ ಕೋಟೆಯನ್ನು ಹಿಡಿದರು. ಆ ಸಮಯಕ್ಕೆ ಕಂಪನಿಯ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದದತ್ತ ಹೊರಟಿದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಅವನು ತಂಗಿದ್ದಾಗ ನರಗುಂದದವರು ಮೇಲೆಬಿದ್ದು ಅವನನ್ನೂ ಅವನ ಜೊತೆಗಿದ್ದವರನ್ನೂ ಕೊಂದರು. ಅವನ ತಲೆಯನ್ನು ತಂದು ನರಗುಂದದ ಅಗಸೆಗೆ ತೂಗುಹಾಕಿದರು. ನಾಲ್ಕು ದಿನಗಳೊಳಗೆ ಕೊಪ್ಪಳವೂ ನರಗುಂದವೂ ಬಿದ್ದವು. ಭೀಮರಾಯರು ಕೊಪ್ಪಳದಲ್ಲಿ ಹೋರಾಡುತ್ತ ಮಡಿದರು. ಬಾಬಾಸಾಹೇಬರನ್ನು ಹಿಡಿದು ವಿಚಾರಣೆ ನಡೆಸಿ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ತಾಯಿಯೂ ಪತ್ನಿಯೂ ಮಲಪ್ರಭೆಯ ಪಾಲಾದರು.

ಈ ವೃತ್ತಾಂತವನ್ನು ವೀರಗಾಥೆಯಾಗಿ ನಾವು ಕೇಳುತ್ತ ಬಂದಿದ್ದೇವೆ. ಅದು ಸಲ್ಲತಕ್ಕ ಗೌರವವೇ. ಆದರೂ ಯೇಸುಸ್ವಾಮಿಯ ಅನುಯಾಯಿಗಳು ಮಲಗಿದವನ ಮೇಲೆ ಎರಗಿದ ಆ ರಾತ್ರಿಯನ್ನು ಹಾಡಿ ಹೊಗಳುವಂತಿಲ್ಲ. ಮ್ಯಾನ್ಸನ್ನನೂ ಯಾವುದೋ ತಾಯಿಯ ಮಗ. ಇಲ್ಲಿ ಇತಿಹಾಸದ ವಿದ್ಯಾರ್ಥಿಯನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನರಗುಂದಕ್ಕೆ ನಿರಾಕರಿಸಿದ ಅದೇ ದತ್ತಕದ ಹಕ್ಕನ್ನು 1862ರಲ್ಲಿ ಇಂಗ್ಲಿಷ್ ಸರ್ಕಾರ ತಾನಾಗಿಯೇ ಸನದು ಬರೆದು ದೇಶದ ಅನೇಕ ಸಂಸ್ಥಾನಿಕರಿಗೆ ಕೊಟ್ಟಿತು. ನಾಲ್ಕು ವರ್ಷ ಮೊದಲು ಒಂದು ಕಿವಿ ತೆರೆದಿದ್ದರೆ ಸುರೇಬಾನದ ರಾತ್ರಿಯೂ ಬೆಳಗಾವಿಯ ಗಲ್ಲುಮರವೂ ಬೇಕಾಗುತ್ತಿರಲಿಲ್ಲವೇನೋ. ನರಗುಂದದ ಅರಸರ ಮೇಲೆ ಡಾಲ್‌ಹೌಸಿಗೆ ವೈಯಕ್ತಿಕ ಹಗೆಯಿತ್ತೆಂದು ಯಾರೂ ಹೇಳುವುದಿಲ್ಲ. ನಿಯಮವೊಂದನ್ನು ಎಲ್ಲೆಡೆ ಒಂದೇ ಸಮನಾಗಿ ಅನ್ವಯಿಸಲಾಯಿತು. ಅದರ ಕೆಳಗೆ ಸಿಕ್ಕವರ ಅಹವಾಲಿಗೆ ಜಾಗವಿರಲಿಲ್ಲ. ತಂತಿಯ ಮೇಲೆ ಅಪ್ಪಣೆ ಬರುವ ವೇಗ ಹೆಚ್ಚಿತು, ಮೊರೆ ಹೋಗುವ ವೇಗ ಹೆಚ್ಚಲಿಲ್ಲ.

ಅದೇ ನರಗುಂದ, 1980

ಪರಕೀಯರ ಆಳ್ವಿಕೆಯಲ್ಲಿ ಹೀಗಾಯಿತು, ನಮ್ಮವರ ಆಳ್ವಿಕೆಯಲ್ಲಿ ಆಗದು ಎಂದುಕೊಳ್ಳಲು ಇತಿಹಾಸ ಬಿಡುವುದಿಲ್ಲ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆಗಳನ್ನು ತೆಗೆದಾಗ ಈ ಬರಸೀಮೆಯ ಜನ ಹರಸಿದರು. ನೀರು ಬಂದ ಹೊಲ ಬಂಗಾರವಾಗುತ್ತದೆ. ಬೆಲೆ ಏರಿದ ಹೊಲದ ಒಡೆಯ ಸರ್ಕಾರಕ್ಕೆ ಅಭಿವೃದ್ಧಿ ಕರವನ್ನೂ ನೀರಿನ ಕರವನ್ನೂ ಕೊಡಲಿ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಲೆಕ್ಕ ತಪ್ಪಿರಲಿಲ್ಲ. ಆದರೆ ಹೊಲದಲ್ಲಿ ಸಂಗತಿ ಬೇರೆಯಿತ್ತು. ಕಾಲುವೆ ಬಂದರೂ ನೀರು ಮುಟ್ಟದ ಹೊಲಗಳಿದ್ದವು. ನೀರು ನಿಂತು ಸವಳಾದ ಹೊಲಗಳಿದ್ದವು. ಹತ್ತಿಯ ಬೆಲೆ ಕುಸಿದಿತ್ತು. ದಫ್ತರದಲ್ಲಿ 'ನೀರಾವರಿ' ಎಂದು ಬರೆದ ಮೇಲೆ ಒಣಗಿದ ಹೊಲಕ್ಕೂ ಕರ ತಪ್ಪಲಿಲ್ಲ.

ರೈತರು ಅರ್ಜಿ ಕೊಟ್ಟರು, ಸಭೆ ಮಾಡಿದರು, ಧರಣಿ ಕುಳಿತರು. ಬೇಡಿಕೆಯ ಮುಖ್ಯ ಮಾತು ಬಹಳ ಸರಳವಾಗಿತ್ತು: ಬಂದು ಹೊಲವನ್ನು ನೋಡಿ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಚಳವಳಿ ಕೈಮೀರಿತು. ಪೊಲೀಸರ ಗುಂಡಿಗೆ ರೈತರು ಬಲಿಯಾದರು; ಉದ್ರಿಕ್ತ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಪೊಲೀಸರೂ ಬಹುಮಟ್ಟಿಗೆ ರೈತರ ಮಕ್ಕಳೇ ಎಂಬುದನ್ನು ಮರೆಯಬಾರದು. ಬೆಂಕಿ ನಾಡಿನಾದ್ಯಂತ ಹರಡಿತು. ರಿಯಾಯಿತಿಗಳು ಆಮೇಲೆ ಬಂದವು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿಬಂದದ್ದು ಈ ಘಟನೆಯ ಬೆನ್ನಿಗೆ. 1983ರ ಜನವರಿಯ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಪಕ್ಷ ಸೋತಿತು. ಜುಲೈ 21ನ್ನು ರೈತ ಹುತಾತ್ಮ ದಿನವೆಂದು ಜನ ಇಂದಿಗೂ ಸ್ಮರಿಸುತ್ತಾರೆ.

1858ಕ್ಕೂ 1980ಕ್ಕೂ ನಡುವೆ 122 ವರ್ಷ. ಅರಸರಿಲ್ಲ, ಕಂಪನಿಯಿಲ್ಲ, ಜನರೇ ಆರಿಸಿದ ಸರ್ಕಾರವಿದೆ. ಆದರೂ ಎರಡೂ ಸಲ ಕ್ರಮ ಒಂದೇ: ಮೊದಲು ನಿಯಮ, ಆಮೇಲೆ ಅರ್ಜಿ, ಆಮೇಲೆ ಮೌನ, ಕೊನೆಗೆ ರಕ್ತ. ಆ ರಕ್ತದಲ್ಲಿ ಅನ್ಯಾಯಕ್ಕೆ ಒಳಗಾದವರದ್ದೂ ಇತ್ತು, ಅಪ್ಪಣೆ ಹೊತ್ತು ಬಂದವರದ್ದೂ ಇತ್ತು. ಅಪ್ಪಣೆ ಬರೆದವರದ್ದು ಮಾತ್ರ ಇರಲಿಲ್ಲ.

ಗಣಕಯಂತ್ರದ ಕಾಲ

ಈಗ ಹುಡುಗನ ಪ್ರಶ್ನೆಗೆ ಬರೋಣ. ಯಂತ್ರ ಬಂದದ್ದೇ ಕೆಡುಕೆಂದು ನಾನು ಹೇಳಲಾರೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಒಂದು ಉತಾರಕ್ಕಾಗಿ ತಲಾಟಿಯ ಮನೆಗೆ ಹತ್ತು ಸಲ ತಿರುಗಿ, ಕೈ ಬಿಸಿ ಮಾಡಿ, ಆದರೂ ಬರಿಗೈಯಲ್ಲಿ ಮರಳಿದವರಿಗೆ ಅದರ ಬೆಲೆ ಗೊತ್ತು. ಯಂತ್ರಕ್ಕೆ ಲಂಚದ ಆಸೆಯಿಲ್ಲ, ಜಾತಿಯ ಮೇಲುಕೀಳಿಲ್ಲ. ಅದು ದೊಡ್ಡ ಉಪಕಾರವೇ.

ಆದರೆ ಅದೇ ಯಂತ್ರಕ್ಕೆ ತನ್ನಲ್ಲಿ ಬರೆದದ್ದಷ್ಟೇ ಸತ್ಯ. ನಲವತ್ತು ವರ್ಷ ಮಗ್ಗದಲ್ಲಿ ಎಳೆ ಹಿಡಿದು, ಹೊಲದಲ್ಲಿ ಕಳೆ ಕಿತ್ತು ಬೆರಳಿನ ಗೆರೆ ಸವೆದ ಮುದುಕಿಯ ಹೆಬ್ಬೆಟ್ಟನ್ನು ಪಡಿತರ ಅಂಗಡಿಯ ಯಂತ್ರ ಗುರುತಿಸದಿದ್ದಾಗ, ಊರಿಗೆಲ್ಲ ಗೊತ್ತಿರುವ ಆಕೆ ತಾನೇ ತಾನೆಂದು ಹೇಗೆ ಸಿದ್ಧಪಡಿಸಬೇಕು? ಅಂಥವರಿಗಾಗಿ ನಿಯಮದಲ್ಲಿ ಬೇರೆ ದಾರಿ ಇಟ್ಟಿದ್ದಾರೆ. ಆ ದಾರಿ ತೆರೆಯಬೇಕಾದರೆ ಅಂಗಡಿಯಲ್ಲಿ ಕುಳಿತ ಮನುಷ್ಯ ಯಂತ್ರದಿಂದ ಕಣ್ಣೆತ್ತಿ ಅವಳ ಮುಖವನ್ನು ನೋಡಬೇಕು.

ಹೊರದೇಶದ ಒಂದು ಉದಾಹರಣೆ ಇನ್ನೂ ಕಠೋರವಾದದ್ದು. ಬ್ರಿಟನ್ನಿನ ಅಂಚೆ ಇಲಾಖೆ 'ಹೊರೈಜನ್' ಎಂಬ ಲೆಕ್ಕಪತ್ರದ ಗಣಕ ವ್ಯವಸ್ಥೆಯನ್ನು 1999ರಲ್ಲಿ ಜಾರಿಗೆ ತಂದಿತು. ಅದರ ದೋಷದಿಂದ ಹಣ ಕಡಿಮೆ ಬಿದ್ದಂತೆ ತೋರಿತು. ಊರೂರಿನ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳುಲೆಕ್ಕಗಳ ಆರೋಪದಲ್ಲಿ ಶಿಕ್ಷೆಗೊಳಗಾದರು. ನಾವು ಕದ್ದಿಲ್ಲವೆಂದು ಅವರು ಗೋಗರೆದರು. ಯಂತ್ರ ತಪ್ಪು ಮಾಡದು ಎಂಬ ನಂಬಿಕೆಯೇ ಗೆದ್ದಿತು. 2019ರಲ್ಲಿ ನ್ಯಾಯಾಲಯ ದೋಷವನ್ನು ಎತ್ತಿಹಿಡಿಯಿತು. 2024ರಲ್ಲಿ ಪಾರ್ಲಿಮೆಂಟ್ ವಿಶೇಷ ಕಾಯಿದೆಯ ಮೂಲಕ ಶಿಕ್ಷೆಗಳನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಮನೆಗಳು ಮುರಿದಿದ್ದವು, ಹಲವರು ತೀರಿಹೋಗಿದ್ದರು. ಹೊರೈಜನ್ನಿಗೆ ಪ್ರಜ್ಞೆಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅದರ ಹಿಂದೆ ಕುಳಿತವರು ತಮ್ಮ ಕಿವಿಯನ್ನು ಅದಕ್ಕೆ ಒಪ್ಪಿಸಿಬಿಟ್ಟಿದ್ದರು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಎಲಿಸನ್ ಕಲ್ಪಿಸಿದಂಥ ಯುದ್ಧಯಂತ್ರದ ಎದುರಿಗೇ ನಡೆದದ್ದು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಸೇನೆಯ ಸ್ಟಾನಿಸ್ಲಾವ್ ಪೆತ್ರೋವ್ ಎಂಬ ಅಧಿಕಾರಿ ಮಾಸ್ಕೋ ಬಳಿಯ ನೆಲೆಯಲ್ಲಿ ರಾತ್ರಿಪಾಳಿಯಲ್ಲಿದ್ದ. ಅಮೆರಿಕ ಐದು ಕ್ಷಿಪಣಿಗಳನ್ನು ಹಾರಿಸಿದೆಯೆಂದು ಗಣಕ ವ್ಯವಸ್ಥೆ ಎಚ್ಚರಿಸಿತು. ಅದನ್ನು ನಿಜವಾದ ದಾಳಿಯೆಂದು ಮೇಲಕ್ಕೆ ವರದಿ ಮಾಡುವುದು ಅವನ ಕರ್ತವ್ಯ; ಮಾಡಿದ್ದರೆ ಅಣ್ವಸ್ತ್ರದ ಯುದ್ಧವೇ ಹೊತ್ತಿಕೊಳ್ಳಬಹುದಿತ್ತು. ಆತ ಯೋಚಿಸಿದ, ಅನುಮಾನಿಸಿದ, ಸುಳ್ಳು ಎಚ್ಚರಿಕೆಯೆಂದು ವರದಿ ಮಾಡಿದ. ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹ ಕ್ಷಿಪಣಿಯೆಂದು ತಿಳಿದಿತ್ತು. ಪಂಚತಂತ್ರದ ನಾಲ್ಕನೆಯ ಗೆಳೆಯನಂತೆ ಅಂದು ವಿವೇಕಿಯೊಬ್ಬನಿದ್ದ. ಮರ ಹತ್ತಿ ತಾನೊಬ್ಬನೇ ಉಳಿಯದೆ ಎಲ್ಲರನ್ನೂ ಉಳಿಸಿದ.

ಧರ್ಮಸಭೆಯ ಮಾತು

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿ, ಕಾರ್ಖಾನೆಯ ಯಂತ್ರಗಳ ನಡುವೆ ಅರೆದುಹೋಗುತ್ತಿದ್ದ ಕಾರ್ಮಿಕನ ಮೊರೆಗೆ ಧರ್ಮಸಭೆಯ ಕಿವಿಯನ್ನು ತೆರೆದರು. ಜಗದ್ಗುರು ಫ್ರಾನ್ಸಿಸ್ 2024ರ ಜೂನ್ 14ರಂದು ಇಟಲಿಯಲ್ಲಿ ಸೇರಿದ್ದ ಜಿ-7 ರಾಷ್ಟ್ರನಾಯಕರ ಮುಂದೆ ಕೃತಕ ಬುದ್ಧಿಮತ್ತೆಯ ಕುರಿತು ಮಾತನಾಡಿ, ಮನುಷ್ಯನ ಪ್ರಾಣ ತೆಗೆಯುವ ನಿರ್ಧಾರವನ್ನು ಯಾವ ಯಂತ್ರಕ್ಕೂ ಎಂದೂ ಬಿಡಬಾರದೆಂದು ಎಚ್ಚರಿಸಿದರು. 2025ರ ಜನವರಿ 28ರಂದು ವ್ಯಾಟಿಕನ್ 'ಆಂತೀಕ್ವಾ ಎತ್ ನೋವಾ' ಎಂಬ ದಸ್ತಾವೇಜಿನಲ್ಲಿ ಮಾನವ ಬುದ್ಧಿಗೂ ಕೃತಕ ಬುದ್ಧಿಮತ್ತೆಗೂ ಇರುವ ಅಂತರವನ್ನು ವಿವರಿಸಿತು. ಅದೇ ವರ್ಷ ಮೇ 8ರಂದು ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡುದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಅಂದು ಲಿಯೋ ಅವರ ಮುಂದೆ ಕೈಗಾರಿಕಾ ಕ್ರಾಂತಿಯಿತ್ತು, ಇಂದು ನಮ್ಮ ಮುಂದೆ ಕೃತಕ ಬುದ್ಧಿಮತ್ತೆ ತಂದ ಕ್ರಾಂತಿಯಿದೆ.

ಈ ಮಾತುಗಳೆಲ್ಲ ಒಂದು ತಿಳುವಳಿಕೆಯ ಮೇಲೆ ನಿಂತಿವೆ. ಆದಿಕಾಂಡದ ಪ್ರಕಾರ ಮನುಷ್ಯ ದೇವರ ಹೋಲಿಕೆಯಲ್ಲಿ ಉಂಟಾದವನು. ಆ ಹೋಲಿಕೆ ಕೇವಲ ಬುದ್ಧಿಯ ಚುರುಕಿನಲ್ಲಿದ್ದರೆ ನಮಗಿಂತ ವೇಗವಾಗಿ ಲೆಕ್ಕ ಹಾಕುವ ಯಂತ್ರಕ್ಕೆ ನಾವು ಹೆದರಲೇಬೇಕು. ಮೊರೆಯನ್ನು ಕೇಳಿ ಮನಸ್ಸು ಕರಗುವುದರಲ್ಲಿ ಆ ಹೋಲಿಕೆಯಿದ್ದರೆ ನಾವು ಹೆದರಬೇಕಾದದ್ದು ನಮ್ಮ ಕಿವಿ ಮುಚ್ಚಿಹೋಗುವುದಕ್ಕೆ.

ಎಲಿಸನ್ನನ ಕಥೆಯ ಅಂತ್ಯವನ್ನೂ ಈ ಬೆಳಕಿನಲ್ಲಿ ನಾನು ಮತ್ತೊಮ್ಮೆ ಯೋಚಿಸಿದೆ. ಕೊಂದು ಬಿಡುಗಡೆ ಮಾಡುವುದನ್ನು ಧರ್ಮಸಭೆ ಒಪ್ಪದು. ಜೀವ ಕೊಟ್ಟವನಿಗೇ ಅದನ್ನು ತೆಗೆಯುವ ಅಧಿಕಾರ. ಆದರೂ ಆ ಪಾತಾಳದಲ್ಲಿ, ನೂರೊಂಬತ್ತು ವರ್ಷದ ಯಾತನೆಯ ನಂತರವೂ, ಒಬ್ಬ ಮನುಷ್ಯ ತನಗಿಂತ ಮೊದಲು ಇನ್ನೊಬ್ಬರ ನೋವನ್ನು ನೆನೆದ. ಎಲ್ಲ ತಿಳಿದ ಯಂತ್ರಕ್ಕೆ ಅದೊಂದನ್ನು ಮೊದಲೇ ಊಹಿಸಲಾಗಲಿಲ್ಲ. ದೇವರನ್ನು ನಂಬದ ಲೇಖಕನ ಆ ಕರಾಳ ಕಥೆಯಲ್ಲಿಯೂ ದೇವರ ಹೋಲಿಕೆ ಅಳಿಸಿಹೋಗಿಲ್ಲವೆಂದು ನನಗನ್ನಿಸಿತು.

ನಿಂತ ಪ್ರಭು

ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬಾರ್ತಿಮಾಯನೆಂಬ ಕುರುಡ ಭಿಕ್ಷುಕ ಬರುತ್ತಾನೆ. ಯೇಸುಸ್ವಾಮಿ ಜೆರಿಕೋ ಊರಿನಿಂದ ದೊಡ್ಡ ಗುಂಪಿನೊಡನೆ ಹೊರಟಿದ್ದಾರೆ. ದಾರಿಯ ಬದಿಯಲ್ಲಿ ಕುಳಿತ ಈತ ಕೂಗುತ್ತಾನೆ. ಗುಂಪು ಅವನ ಬಾಯಿ ಮುಚ್ಚಿಸಲು ಗದರಿಸುತ್ತದೆ. ಗುಂಪಿನವರು ಕೆಟ್ಟವರಲ್ಲ, ಅವರೂ ಪ್ರಭುವಿನ ಹಿಂದೆಯೇ ನಡೆಯುತ್ತಿದ್ದವರು. ಆಗ ಯೇಸುಸ್ವಾಮಿ ನಿಲ್ಲುತ್ತಾರೆ. ಅವನನ್ನು ಕರೆಸಿ, ತನಗೇನು ಬೇಕೆಂದು ಅವನ ಬಾಯಿಂದಲೇ ಕೇಳುತ್ತಾರೆ. ಕುರುಡನಿಗೆ ಏನು ಬೇಕೆಂಬುದು ಪ್ರಭುವಿಗೆ ತಿಳಿಯದೆ? ಆದರೂ ಕೇಳಿದರು.

ಒಬ್ಬ ಭಿಕ್ಷುಕನಿಗಾಗಿ ನಿಲ್ಲುವುದು ನಮ್ಮ ಕಾಲದಲ್ಲಿ ದಿನದಿನಕ್ಕೂ ಕಠಿಣವಾಗುತ್ತಿರುವ ಕೆಲಸ. ನಮ್ಮ ಮಕ್ಕಳು ನಾಳೆ ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರಗಳ ಹಿಂದೆ ಕುಳಿತುಕೊಳ್ಳುವರು. ಕೆಲವರು ಆ ಯಂತ್ರಗಳನ್ನು ಕಟ್ಟುವರು. ಅವರಿಗೆ ನಾವು ಗಣಿತವನ್ನೂ ಇಂಗ್ಲಿಷನ್ನೂ ಕಲಿಸುತ್ತಿದ್ದೇವೆ. ಮನೆಯಲ್ಲಿ ಅಜ್ಜಿ ಹೇಳಿದ್ದನ್ನೇ ಮೂರನೆಯ ಸಲ ಹೇಳುವಾಗ ತಾಳ್ಮೆಯಿಂದ ಕೇಳುವುದನ್ನೂ ಕಲಿಸುತ್ತಿದ್ದೇವೆಯೇ? ಬಾಗಿಲಿಗೆ ಬಂದವನ ಅಹವಾಲನ್ನು ಮೊಬೈಲಿನಿಂದ ಕಣ್ಣೆತ್ತಿ ಆಲಿಸುವ ಹಿರಿಯರನ್ನು ಅವರು ನೋಡುತ್ತಿದ್ದಾರೆಯೇ?

ಮಳೆಗಾಲ ಆರಂಭವಾದ ಮೇಲೆ ಆ ಹುಡುಗನನ್ನು ಮತ್ತೆ ಕಂಡಾಗ ಇದಿಷ್ಟನ್ನೂ ನನಗೆ ತಿಳಿದಂತೆ ಹೇಳಿದೆ. ಅವನ ಅಜ್ಜ 1980ರ ಜುಲೈನಲ್ಲಿ ನರಗುಂದದ ಬೀದಿಯಲ್ಲಿದ್ದವರೆಂಬುದು ಅಂದು ನನಗೆ ತಿಳಿಯಿತು. "ಅಜ್ಜ ಆ ಸುದ್ದಿ ತೆಗೆದರ ನಾವು ಎದ್ದು ಹೋಗತಿದ್ವಿರಿ ಸರ. ಈ ಸಲ ಕುಂತು ಕೇಳತೀನಿ" ಎಂದ.

ಅವನ ಪ್ರಶ್ನೆಗೆ ಉತ್ತರ ನನ್ನ ಮಾತಿಗಿಂತ ಅವನ ಮಾತಿನಲ್ಲಿಯೇ ಇತ್ತು. ಕಿವಿಯುಳ್ಳವನು ಒಬ್ಬನಿರುವವರೆಗೆ ಬಾಯಿಯಿಲ್ಲದವರ ಕೂಗು ವ್ಯರ್ಥವಾಗದು. ಈಜಿಪ್ಟಿನಲ್ಲಿ ತನ್ನ ಜನರ ಮೊರೆಯನ್ನು ಕೇಳಿದ ದೇವರು ನಮ್ಮ ಮಕ್ಕಳಿಗೆ ಆ ಕಿವಿಯನ್ನು ದಯಪಾಲಿಸಲಿ.